ಮಕ್ಕಳ ಓದು ಎಲ್ಲಿ ಕುಂಟುತ್ತದೆ?

(ತುರುವನೂರಿನಲ್ಲಿ ಉಪಾಧ್ಯಾಯರೂ ತಾಯ್ತಂದೆಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾರ್ಥಿಗಳು ಓದಿನಲ್ಲಿ ಮುಂದೆ ಬರುವುದಕ್ಕೂ ಹಿಂದೆ ಬೀಳುವುದಕ್ಕೂ ಕಾರಣಗಳೇನೆಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾವು ಶಿಕ್ಷಣಶಾಸ್ತ್ರದ ಪಂಡಿತರಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸಿದವರು, ಹತ್ತಾರು ಶಾಲೆಗಳ ಹೊಸ್ತಿಲು ತುಳಿದವರು, ಅಷ್ಟೆ. ಆದುದರಿಂದ ನಮ್ಮ ಮಾತಿನಲ್ಲಿ ತಪ್ಪು ಕಂಡರೆ, ದಿನವೂ ಮಕ್ಕಳೆದುರು ನಿಲ್ಲುವ ತಾವು ತಿದ್ದಬೇಕೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಜಿಲ್ಲೆಯ ಮಾತಿನಿಂದಲೇ ಆರಂಭಿಸುವೆವು. 2023ನೆಯ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಚಿತ್ರದುರ್ಗ ಜಿಲ್ಲೆಯು ನೂರಕ್ಕೆ 96.80 ಮಂದಿಯನ್ನು ತೇರ್ಗಡೆ ಮಾಡಿಸಿ ಇಡೀ ಕರ್ನಾಟಕಕ್ಕೆ ಮೊದಲನೆಯದಾಗಿ ನಿಂತಿತು. ಮಳೆ ಕಾಣದ ಸೀಮೆ, ಬಡ ಸೀಮೆ ಎಂದು ಮೂಗು ಮುರಿಯುವವರಿಗೆ ಒಳ್ಳೆಯ ಉತ್ತರವಾಯಿತೆಂದು ನಾವೂ ಹಿಗ್ಗಿದೆವು. ಮರುವರ್ಷ, ಎಂದರೆ 2024ರಲ್ಲಿ, ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿಟ್ಟು ದೂರದಿಂದಲೇ ನೋಡುವ ಏರ್ಪಾಡಾಯಿತು. ಆಗ ನಾಡಿನ ಒಟ್ಟು ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿಸಿ, ಕೃಪಾಂಕ ಪಡೆಯಲು ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿದ ಮೇಲೆ! ನಮ್ಮ ಜಿಲ್ಲೆಯ ಮೊದಲ ಸ್ಥಾನವೂ ಹೋಯಿತು. 2025ರಲ್ಲಿ ಆ ಕೃಪೆಯನ್ನು ತೆಗೆದುಹಾಕಿದಾಗ ಮೊದಲನೆಯ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ನೂರಕ್ಕೆ 62.34 ಮಂದಿ.

ಇಲ್ಲಿ ನಾವು ಯಾವ ಊರಿನ ಮೇಲೆಯೂ ಬೆರಳು ತೋರಿಸುತ್ತಿಲ್ಲ. ಇಳಿತ ನಾಡಿಗೆಲ್ಲ ಆಯಿತು. ಆದರೆ ಒಂದು ಪ್ರಶ್ನೆಯನ್ನು ಕೇಳದೆ ಗತಿಯಿಲ್ಲ. ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ದಡ್ಡರಾದರೇ? ಉಪಾಧ್ಯಾಯರು ಪಾಠ ಹೇಳುವುದನ್ನು ಮರೆತರೇ? ಹಾಗೇನೂ ಇಲ್ಲ. ಅಳೆಯುವ ಕೊಳಗ ಬದಲಾಯಿತು. ರಾಶಿ ಮೊದಲಿದ್ದಷ್ಟೇ ಇತ್ತು. ಆದುದರಿಂದ ಮಕ್ಕಳ ಸಾಧನೆಯೆಂದು ಮಾತನಾಡುವಾಗ ನಾವು ಶೇಕಡಾ ಲೆಕ್ಕವನ್ನು ಸ್ವಲ್ಪ ಬದಿಗಿಡುತ್ತೇವೆ. ಏಳನೆಯ ತರಗತಿಯ ಹುಡುಗಿ ಒಂದು ಪುಟ ಕನ್ನಡವನ್ನು ತಡವರಿಸದೆ ಓದಿ ಅರ್ಥ ಹೇಳಬಲ್ಲಳೇ, ತಂದೆ ಮಾರಿದ ಈರುಳ್ಳಿಯ ಚೀಟಿಯನ್ನು ಕೂಡಿ ಕಳೆದು ತಾಳೆ ನೋಡಬಲ್ಲಳೇ, ತಹಶೀಲ್ದಾರರಿಗೆ ತನ್ನ ಮಾತಿನಲ್ಲೇ ಒಂದು ಅರ್ಜಿ ಬರೆಯಬಲ್ಲಳೇ? ನಮಗೆ ಬೇಕಾದ ಪರೀಕ್ಷೆ ಇದು. ಇದಕ್ಕೆ ಯಾವ ಕ್ಯಾಮರಾವೂ ಬೇಡ, ಕೃಪಾಂಕವೂ ಬೇಡ.

ಈ ಸಾಧನೆಗೆ ಬಲ ಬರುವುದು ಮನೆಯಿಂದಲೋ ಶಾಲೆಯಿಂದಲೋ? ಇದು ಹಳೆಯ ವಾದ. ಅಮೇರಿಕೆಯಲ್ಲಿ 1966ರಲ್ಲಿ ಜೇಮ್ಸ್ ಕೋಲ್‌ಮನ್ ಎಂಬ ಸಮಾಜಶಾಸ್ತ್ರಜ್ಞರು ಆರು ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಒಂದು ವರದಿಯನ್ನು ಹೊರಡಿಸಿದರು. ಶಾಲೆಯ ಕಟ್ಟಡಕ್ಕಿಂತಲೂ ಸಲಕರಣೆಗಳಿಗಿಂತಲೂ ಮಗು ಎಂಥ ಮನೆಯಿಂದ ಬಂದಿದೆಯೆಂಬುದೇ ಹೆಚ್ಚು ತೂಕದ್ದೆಂದು ಅದರ ಸಾರ. ಈ ಮಾತನ್ನು ಕೇಳಿ ಎಷ್ಟೋ ಮಂದಿ ಕೈಚೆಲ್ಲಿದರು. ಆದರೆ 1983ರಲ್ಲಿ ಹೇನ್‌ಮನ್ ಮತ್ತು ಲಾಕ್ಸ್‌ಲಿ ಎಂಬಿಬ್ಬರು ಬಡ ದೇಶಗಳನ್ನೂ ಸೇರಿಸಿ ಇಪ್ಪತ್ತೊಂಬತ್ತು ದೇಶಗಳ ಲೆಕ್ಕವನ್ನು ನೋಡಿದಾಗ ಬೇರೊಂದು ಸಂಗತಿ ಹೊರಬಿತ್ತು. ದೇಶ ಬಡದಾದಷ್ಟೂ ಶಾಲೆಯ ಮತ್ತು ಉಪಾಧ್ಯಾಯರ ಪ್ರಭಾವ ಹೆಚ್ಚು! ಇದು ಸಹಜವೇ ಅಲ್ಲವೇ? ಮನೆಯಲ್ಲಿ ಪುಸ್ತಕಗಳ ಕಪಾಟಿರುವ ಮಗುವಿಗೆ ಶಾಲೆ ಎರಡನೆಯ ದೀಪ. ಅಕ್ಷರವೇ ಹೊಗದ ಮನೆಯ ಮಗುವಿಗೆ ಇರುವುದು ಅದೊಂದೇ ದೀಪ. ತುರುವನೂರಿನ ಗುರುಗಳು ಈ ಎರಡನೆಯ ಮಾತನ್ನು ನೆನಪಿನಲ್ಲಿಡಬೇಕೆಂದು ನಮ್ಮ ಪ್ರಾರ್ಥನೆ.

ಹಾಗೆಂದು ಮನೆಯನ್ನು ಬಿಟ್ಟುಬಿಡಲಾದೀತೇ? ಅದರಲ್ಲೂ ಈ ಊರಿನಲ್ಲಿ ನಿಂತು? 1939ರಲ್ಲಿ ಇದೇ ತುರುವನೂರಿನಲ್ಲಿ ಈಚಲ ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದ ಸಂಗತಿ ಇಲ್ಲಿನ ಮಕ್ಕಳಿಗೂ ಗೊತ್ತು. ಚಿತ್ರದುರ್ಗದ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಅದರ ಮುಂದಾಳುಗಳಾಗಿ ಸೆರೆಮನೆಯನ್ನು ಕಂಡರು. ಹೆಂಡದ ಆದಾಯವನ್ನು ನೆಚ್ಚಿದ ಸರಕಾರವನ್ನು ಎದುರಿಸುವುದಕ್ಕೆ ಅವರು ಆರಿಸಿಕೊಂಡ ಗುರುತು ಈಚಲ ಮರ. ಇತಿಹಾಸದ ಪುಸ್ತಕದಲ್ಲಿ ಅದು ಸ್ವಾತಂತ್ರ್ಯ ಸಮರದ ಒಂದು ಪುಟ. ನಮ್ಮ ದೃಷ್ಟಿಗೆ ಅದು ಮಕ್ಕಳ ಓದಿನ ಪ್ರಶ್ನೆಯೂ ಹೌದು. ಸಂಜೆ ಕುಡಿದು ಬಂದ ತಂದೆಯ ಮನೆಯಲ್ಲಿ ಮಗು ಪುಸ್ತಕ ಬಿಚ್ಚುವುದೆಲ್ಲಿ? ತಾಯಿಯ ಅಳುವನ್ನು ಕೇಳುತ್ತಾ ಮಗ್ಗಿಯನ್ನು ಒಪ್ಪಿಸುವುದು ಯಾರಿಂದ ಸಾಧ್ಯ? ಬೆಳಿಗ್ಗೆ ಅದೇ ಮಗು ತರಗತಿಯಲ್ಲಿ ತೂಕಡಿಸಿದರೆ ಸೋಮಾರಿಯೆಂಬ ಬಿರುದು ಬೇರೆ. ಮರಗಳನ್ನು ಕಡಿದವರು ತಲೆಮಾರುಗಳ ಹಿಂದೆ ತಮ್ಮ ಪಾಲನ್ನು ಮಾಡಿ ಹೋದರು. ಇಂದು ಹೆಂಡಕ್ಕೆ ಮರ ಬೇಕಿಲ್ಲ, ಅಂಗಡಿಯಲ್ಲಿ ಪೊಟ್ಟಣ ಸಿಕ್ಕುತ್ತದೆ. ಕಡಿಯುವುದಕ್ಕೆ ಕೊಡಲಿ ಸಾಲದು, ಅಷ್ಟೆ ವ್ಯತ್ಯಾಸ.

ಹಸಿವಿನ ಮಾತನ್ನು ಬೇಗ ಮುಗಿಸುತ್ತೇವೆ. ಇಲ್ಲಿ ಸ್ವಲ್ಪ ಸಮಾಧಾನವಿದೆ. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹವು ಮರುವರ್ಷ ನಾಡಿಗೆಲ್ಲ ಬಂದಿತು. 2013ರಿಂದ ಕ್ಷೀರಭಾಗ್ಯದ ಹಾಲೂ ಸೇರಿತು. ಮಧ್ಯಾಹ್ನದ ಗಂಟೆಗೆ ಮಕ್ಕಳು ಸಾಲಾಗಿ ಕುಳಿತು ಒಂದೇ ಪಂಕ್ತಿಯಲ್ಲಿ ಉಣ್ಣುವುದನ್ನು ನೋಡಿದವರಿಗೆ ಆ ಯೋಜನೆಯ ಬೆಲೆ ತಿಳಿಯುತ್ತದೆ. ಆದರೆ ರಕ್ತಹೀನತೆ ಇನ್ನೂ ತೊಲಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 65ರಷ್ಟು ಮಂದಿ ರಕ್ತಹೀನರು. ಮಗು ಒಂದನೆಯ ತರಗತಿಗೆ ಕಾಲಿಡುವ ಮೊದಲೇ ಅದರ ಓದಿಗೆ ಪೆಟ್ಟು ಬಿದ್ದಿರುತ್ತದೆಂದಾಯಿತು.

ಇನ್ನು ಹಾಜರಿ. ಬರಗಾಲದ ಸೀಮೆಯಲ್ಲಿ ಹಾಜರಿ ಪುಸ್ತಕವು ಮಳೆಯ ಪಂಚಾಂಗವಿದ್ದ ಹಾಗೆ. ಕುರಿಯ ಹಿಂಡಿನೊಡನೆ ಮೇವನ್ನು ಹುಡುಕಿ ಹೊರಟ ಸಂಸಾರಗಳುಂಟು. ಕಾಫಿ ತೋಟದ ಕೂಲಿಗೆ ಗಟ್ಟ ಹತ್ತಿದವರುಂಟು, ಬೆಂಗಳೂರಿನ ಕಟ್ಟಡಗಳ ಕೆಳಗೆ ಗುಡಿಸಲು ಹಾಕಿದವರುಂಟು. ಎರಡು ತಿಂಗಳು ಬಿಟ್ಟು ಬಂದ ಹುಡುಗನಿಗೆ ಭಾಗಾಕಾರದ ಪಾಠ ತಪ್ಪಿರುತ್ತದೆ. ಭಾಗಾಕಾರ ತಪ್ಪಿದವನಿಗೆ ಭಿನ್ನರಾಶಿ ತಿಳಿಯದು. ಭಿನ್ನರಾಶಿ ತಿಳಿಯದವನು ಹತ್ತನೆಯ ತರಗತಿಯ ಗಣಿತದಲ್ಲಿ ಬೀಳುತ್ತಾನೆ. ನಾವು ಹತ್ತನೆಯ ತರಗತಿಯ ಗುರುಗಳನ್ನು ಬಯ್ಯುತ್ತೇವೆ! 2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ನಾಡಿನ ಮಕ್ಕಳಿಗೆಲ್ಲ ಒಮ್ಮೆಲೇ ಆದ ನಷ್ಟವು ವಲಸೆಯ ಮಕ್ಕಳಿಗೆ ಪ್ರತಿ ವರ್ಷವೂ ಆಗುತ್ತಿದೆ. ಅಂದು ವಿದ್ಯಾಗಮವೆಂದು ಗುಡಿಯ ಜಗಲಿಗಳಲ್ಲಿಯೂ ಮರದ ನೆರಳುಗಳಲ್ಲಿಯೂ ಪಾಠ ಹೇಳಿದ ಉಪಾಧ್ಯಾಯರಿಗೆ ನಮಸ್ಕಾರ. 2022ರಲ್ಲಿ ಕಲಿಕಾ ಚೇತರಿಕೆಯೆಂದು ಇಡೀ ವರ್ಷವನ್ನೇ ಹಳೆಯ ಪಾಠಗಳಿಗೆ ಮೀಸಲಿಟ್ಟಂತೆ, ವಲಸೆಯಿಂದ ಮರಳಿದ ಮಗುವಿಗೆ ಒಂದು ತಿಂಗಳ ಚೇತರಿಕೆಯನ್ನಾದರೂ ಕೊಡಬಾರದೇ?

ಹೆಣ್ಣುಮಕ್ಕಳ ಹಾಜರಿಯ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹುಡುಗಿಯನ್ನು ಹೊರಗಿರಿಸುವ ವಾಡಿಕೆ ಇನ್ನೂ ಅಳಿದಿಲ್ಲ. ತಿಂಗಳಿಗೆ ಮೂರು ದಿನವೆಂದರೆ ವರ್ಷಕ್ಕೆ ಒಂದು ತಿಂಗಳಿಗೂ ಹೆಚ್ಚು. ಹಿರಿಯರ ನಂಬಿಕೆಯನ್ನು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಆ ಮೂರು ದಿನ ಹುಡುಗಿಯ ಕೈಯಲ್ಲಿ ಪುಸ್ತಕವಿರುವುದೋ ಇಲ್ಲವೋ, ಶಾಲೆಯ ಬಾಗಿಲು ಅವಳಿಗೆ ತೆರೆದಿರುವುದೋ ಇಲ್ಲವೋ ಎಂದು ಮಾತ್ರ ಕೇಳುತ್ತೇವೆ. ಉತ್ತರ ಹೇಳಬೇಕಾದವರು ತಾಯಂದಿರು.

ಈಗ ಗುರುಗಳ ವಿಷಯ. ನಮ್ಮದೇ ಒಂದು ಕಥೆಯಿದೆ. ನಾವು ಬಾಲಕರಾಗಿದ್ದಾಗ ಎತ್ತರದ ಹುಡುಗರೆಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಕರಿಹಲಗೆಯ ಮೇಲಿನ ಅಂಕಿಗಳು ನಮಗೆ ಮಂಜಿನಲ್ಲಿ ನಡೆಯುವ ಇರುವೆಗಳಂತೆ ಕಾಣುತ್ತಿದ್ದವು. ಮೂರು ಬರೆಯಬೇಕಾದಲ್ಲಿ ಎಂಟು ಬರೆದು ಎರಡು ವರ್ಷ ದಡ್ಡರೆನ್ನಿಸಿಕೊಂಡೆವು. ನಮಗೂ ಅದು ನಿಜವೆಂದೇ ತೋರಿತು. ಕಡೆಗೆ ನಮ್ಮ ಸೋದರಮಾವನವರು ಸಂತೆಯಲ್ಲಿ ಅಂಗಡಿಯ ಹೆಸರನ್ನು ಓದೆಂದಾಗ ಗುಟ್ಟು ಹೊರಬಿದ್ದು ಕನ್ನಡಕ ಬಂದಿತು. ಕನ್ನಡಕ ಬಂದ ಮೇಲೆಯೂ ದಡ್ಡತನ ಬಿಟ್ಟುಹೋಗಲು ಇನ್ನೊಂದು ವರ್ಷ ಹಿಡಿಯಿತೆಂಬುದನ್ನು ತಾವು ಗಮನಿಸಬೇಕು. ಕಣ್ಣು ಒಂದು ದಿನದಲ್ಲಿ ಸರಿಯಾಯಿತು, ಹೆಸರು ಆಗಲಿಲ್ಲ.

ಅಮೇರಿಕೆಯ ರೋಸೆಂತಾಲ್ ಮತ್ತು ಜೇಕಬ್‌ಸನ್ ಎಂಬವರು 1968ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚೀಟಿ ಎತ್ತಿದಂತೆ ಕೆಲವು ಮಕ್ಕಳನ್ನಾರಿಸಿ, ಇವರು ಬೇಗನೆ ಮುಂದೆ ಬರುವರೆಂದು ಉಪಾಧ್ಯಾಯರಿಗೆ ಹೇಳಿದರು. ವರ್ಷದ ಕೊನೆಗೆ ಕೆಳಗಿನ ತರಗತಿಗಳಲ್ಲಿ ಆ ಮಕ್ಕಳು ಮುಂದೆ ಬಂದಿದ್ದರಂತೆ. ಪ್ರಭಾವವು ಅವರು ಹೇಳಿದಷ್ಟು ದೊಡ್ಡದಲ್ಲವೆಂದು ಆಮೇಲಿನ ವಿದ್ವಾಂಸರು ವಾದಿಸಿದ್ದಾರೆ, ಇರಲಿ. ಚಿಕ್ಕದಾದರೂ ಅದು ಬಿಟ್ಟಿಯಾಗಿ ಬರುವಂಥದು. ನಮ್ಮ ಜಿಲ್ಲೆಯ ತಳುಕಿನಲ್ಲಿ 1885ರಲ್ಲಿ ಹುಟ್ಟಿದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡದ ಮೊದಲ ಪ್ರಾಧ್ಯಾಪಕರಾದರು. ಅವರು ಬರೆದ ಪುಸ್ತಕಗಳು ಹೆಚ್ಚಲ್ಲ. ಆದರೆ ಶಿಷ್ಯರಾದ ಕುವೆಂಪು ತಮ್ಮ ಶ್ರೀರಾಮಾಯಣ ದರ್ಶನಂ ಮಹಾಕಾವ್ಯವನ್ನು ಅರ್ಪಿಸಿದ್ದು, ಆಗ ತೀರಿಕೊಂಡಿದ್ದ ಈ ಗುರುಗಳಿಗೆ.

ಒಬ್ಬರೇ ಗುರುಗಳು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಶಾಲೆಯಲ್ಲಿ ಇಂಥ ಮಾತು ಹೇಳುವುದು ಸುಲಭವೆಂದು ತಾವು ನಗಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಹುಟ್ಟಿದ ನಲಿ–ಕಲಿ ಪದ್ಧತಿಯು ಈ ತೊಂದರೆಯಿಂದಲೇ ಹುಟ್ಟಿತು. ಮಗು ತನ್ನ ಮೆಟ್ಟಿಲನ್ನು ತಾನೇ ಹತ್ತಲಿ, ಬಿಟ್ಟು ಬಂದಲ್ಲಿಂದ ಮುಂದುವರಿಯಲಿ ಎಂಬುದು ಅದರ ಹಿಂದಿನ ಯೋಚನೆ. ಆದರೆ ಅದನ್ನು ನಾಡಿಗೆಲ್ಲ ಹರಡಿದ ಮೇಲೆ ಎಷ್ಟೋ ಕಡೆ ಕಾರ್ಡುಗಳು ಉಳಿದವು, ಯೋಚನೆ ಉಳಿಯಲಿಲ್ಲ. ಗುರುಗಳನ್ನು ಜನಗಣತಿಗೆ, ಚುನಾವಣೆಗೆ, ಲೆಕ್ಕ ತುಂಬುವುದಕ್ಕೆ ಎಳೆದಾಡಿದರೆ ಇನ್ನೇನಾದೀತು?

ಕನ್ನಡ ಮಾಧ್ಯಮದ ಬಗೆಗೆ ನಮ್ಮ ನಿಲುವು ತಮಗೆ ತಿಳಿದದ್ದೇ. ಮಗು ತಿಳಿಯುವ ಭಾಷೆಯಲ್ಲಿ ಕಲಿತದ್ದು ಬೇರೂರುತ್ತದೆ. 1953ರಲ್ಲಿ ಯುನೆಸ್ಕೊ ಸಂಸ್ಥೆಯ ತಜ್ಞರೂ ಇದನ್ನೇ ಹೇಳಿದರು. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿರಬೇಕೆಂಬ ಸರಕಾರದ 1994ರ ಆಜ್ಞೆಯನ್ನು 2014ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. 2019ರಲ್ಲಿ ಸರಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗಗಳನ್ನು ತೆರೆಯಿತು. ತಾಯ್ತಂದೆಗಳು ಇಂಗ್ಲಿಷನ್ನು ಬಯಸುವುದು ತಪ್ಪೆಂದು ನಾವು ಹೇಳೆವು. ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಒಂದು, ಗಣಿತವನ್ನು ತಿಳಿಯದ ಇಂಗ್ಲಿಷಿನಲ್ಲಿ ಗಿಳಿಪಾಠ ಮಾಡಿಸುವುದು ಇನ್ನೊಂದು. ಮೊದಲನೆಯದನ್ನು ಕೇಳಿ ಬಂದವರಿಗೆ ನಾವು ಎರಡನೆಯದನ್ನು ಕೊಡುತ್ತಿದ್ದೇವೆ. ಇಲ್ಲಿ ಕನ್ನಡಾಭಿಮಾನಿಗಳಾದ ನಾವೂ ಒಂದು ಕಹಿ ಗುಳಿಗೆಯನ್ನು ನುಂಗಬೇಕು. ತಾಂಡಾದ ಲಂಬಾಣಿ ಮಗುವಿಗೂ, ಮೊಳಕಾಲ್ಮೂರಿನ ಗಡಿಯಲ್ಲಿ ತೆಲುಗಾಡುವ ಮಗುವಿಗೂ ಕನ್ನಡವು ಮೊದಲ ದಿನ ಪರಭಾಷೆಯೇ. ಇಂಗ್ಲಿಷಿನೆದುರು ನಮ್ಮ ಮಗುವಿಗಾಗಿ ನಾವು ಕೇಳುವ ದಯೆಯನ್ನು ಆ ಮಗುವಿಗೆ ನಾವು ತೋರಿಸಬೇಕಾಗುತ್ತದೆ.

ನಿಜಲಿಂಗಪ್ಪನವರು ಹುಟ್ಟಿದ್ದು ಅಂದಿನ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. ಓದಿಗಾಗಿ ಅವರು ಮೈಸೂರು ಸೀಮೆಯ ದಾವಣಗೆರೆಗೂ ಚಿತ್ರದುರ್ಗಕ್ಕೂ ಬಂದರು. ಮುಂದೆ 1956ರಲ್ಲಿ ಒಂದಾದ ನಾಡಿಗೆ ಅವರೇ ಮೊದಲ ಮುಖ್ಯಮಂತ್ರಿಗಳು. ಹರಿದು ಹಂಚಿಹೋಗಿದ್ದ ಪ್ರಾಂತಗಳು ಕೂಡಿದುವು. ಆದರೆ ಮಕ್ಕಳ ಓದು ಇನ್ನೂ ಕೂಡಿಲ್ಲ. 2024ರ ಪರೀಕ್ಷೆಯಲ್ಲಿ ಉಡುಪಿ ನೂರಕ್ಕೆ 94, ಯಾದಗಿರಿ 50.59. ಯಾದಗಿರಿಯ ಮಕ್ಕಳಿಗೆ ಬುದ್ಧಿ ಅರ್ಧವೇ? 2011ರ ಜನಗಣತಿಯನ್ನು ತೆರೆದು ನೋಡಿರಿ. ದಕ್ಷಿಣ ಕನ್ನಡದಲ್ಲಿ ನೂರಕ್ಕೆ 84 ಮಂದಿ ಸ್ತ್ರೀಯರು ಅಕ್ಷರಸ್ಥರು, ಯಾದಗಿರಿಯಲ್ಲಿ 41. ಬಾಸೆಲ್ ಮಿಶನ್ನಿನವರು 1834ರಲ್ಲಿಯೇ ಮಂಗಳೂರಿಗೆ ಬಂದಿಳಿದರು. ನಿಜಾಮರ ಸೀಮೆಯ ಕನ್ನಡ ಮಗುವಾದರೋ ಉರ್ದುವಿನ ಮೂಲಕ ವಿದ್ಯೆಯನ್ನು ಕಾಣಬೇಕಾಗಿತ್ತು. ಅಜ್ಜಿಗೆ ತಪ್ಪಿದ ಅಕ್ಷರ ಮೊಮ್ಮಗಳ ಅಂಕಪಟ್ಟಿಯಲ್ಲಿ ಕಾಣಿಸುತ್ತದೆ.

ಹೊತ್ತಾಯಿತು. ಈ ಊರಿಗೆ ಸಂಬಂಧಿಸಿದ ಒಂದೇ ಬೇಡಿಕೆಯನ್ನು ಮುಂದಿಟ್ಟು ಕುಳಿತುಕೊಳ್ಳುತ್ತೇವೆ. 2020ರ ಮಕ್ಕಳ ದಿನದಂದು ಓದುವ ಬೆಳಕು ಎಂಬ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಡಲಾರಂಭಿಸಿದರು. ಮನೆಯಲ್ಲಿ ಜಗಳ, ಟೀವಿಯ ಗದ್ದಲ, ಇಲ್ಲವೇ ಜಾಗದ ಅಭಾವವಿರುವ ಮಗುವಿಗೆ ಸಂಜೆ ಆರರಿಂದ ಎಂಟರವರೆಗೆ ಒಂದು ದೀಪ, ಒಂದು ಚಾಪೆ, ಗದರಿಸದ ಒಬ್ಬ ಹಿರಿಯರು ಬೇಕು. ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವವರೂ ಬೇಕು. ಸಭೆ ಮುಗಿದ ಮೇಲೆ ಪಂಚಾಯತಿಯವರು ದಯವಿಟ್ಟು ಹತ್ತು ನಿಮಿಷ ನಿಲ್ಲಬೇಕು. ಯಾವ ವಾರ ಯಾರು ಕೂರುವುದೆಂದು ಹೆಸರು ಬರೆದುಕೊಳ್ಳುವುದಕ್ಕೆ ಕಾಗದವನ್ನು ನಾವೇ ತಂದಿದ್ದೇವೆ.