ಅರಸನ ರುಜು, ಅರಸನ ನಂಬಿಕೆ

(ಧನಗೆರೆಯ ಸಭೆಯಲ್ಲಿ ಮಾಡಿದ ಭಾಷಣ)

ಧನಗೆರೆಯ ಬಂಧುಗಳೇ, ಕೊಳ್ಳೇಗಾಲದಿಂದ ಬಂದಿರುವ ಗಿರಣಿ ಕೆಲಸಗಾರ ಮಿತ್ರರೇ, ಅಂಗಡಿ ಮುಚ್ಚಿ ಬಂದು ಕುಳಿತ ವ್ಯಾಪಾರಿ ಸೋದರರೇ,

ಕಳೆದ ವಾರ ಒಬ್ಬ ಕ್ರೈಸ್ತ ಗೆಳೆಯರನ್ನು ಪಂಚಾಯಿತಿ ಚುನಾವಣೆಗೆ ನಿಲ್ಲಿರೆಂದು ಕೇಳಿದೆವು. ಅವರು ಒಪ್ಪಲಿಲ್ಲ. "ಮೇಷ್ಟ್ರೇ, ನಾಳೆ ನಮ್ಮ ಧರ್ಮ ಒಪ್ಪದ ಕಾಗದವೊಂದು ಮುಂದೆ ಬಂದರೆ ರುಜು ಹಾಕಲೇ, ಬಿಡಲೇ? ಹಾಕಿದರೆ ದೇವರಿಗೆ ತಪ್ಪಿದ ಹಾಗೆ, ಬಿಟ್ಟರೆ ಊರಿಗೆ ತಪ್ಪಿದ ಹಾಗೆ" ಎಂದರು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಿರೀಟ ಹೊತ್ತವರನ್ನೂ ಇದು ಕಾಡಿದೆ.

ತೆರಿಗೆ ಕೊಡಬೇಕೇ ಬೇಡವೇ ಎಂದು ಏಸುವನ್ನು ಕೇಳಿದವರ ಕಥೆ ತಮಗೆ ಗೊತ್ತು. ನಾಣ್ಯದ ಮೇಲೆ ಯಾರ ಮುಖವಿದೆಯೆಂದು ಅವರು ಮರುಪ್ರಶ್ನೆ ಹಾಕಿದರು. ಅದು ಪ್ರಜೆಗೆ ಹೇಳಿದ ಬುದ್ಧಿ. ನಾಣ್ಯದ ಮೇಲಿನ ಮುಖವೇ ಕ್ರೈಸ್ತನದಾದರೆ ಅವನ ಧರ್ಮವೇನು?

ಅಂಥ ನಾಣ್ಯ ನಮ್ಮ ಹಿರಿಯರ ಕೈಯಲ್ಲೇ ಓಡಾಡಿತ್ತು. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ. ಆಗ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿಗೆ ಬಂದದ್ದು 1956ರ ನವೆಂಬರ್ 1ರಂದು. ಅದಕ್ಕೂ 98 ವರ್ಷ ಹಿಂದೆ, 1858ರಲ್ಲಿ ಅದೇ ನವೆಂಬರ್ 1ರಂದು, ರಾಣಿಯ ಘೋಷಣೆಯನ್ನು ಓದಿಸಲಾಯಿತು. ಕ್ರೈಸ್ತ ಧರ್ಮದಲ್ಲಿ ತನ್ನ ನಂಬಿಕೆ ದೃಢವೆಂದೂ, ಅದನ್ನು ಪ್ರಜೆಗಳ ಮೇಲೆ ಹೇರುವ ಹಕ್ಕಾಗಲಿ ಬಯಕೆಯಾಗಲಿ ತನಗಿಲ್ಲವೆಂದೂ ಆಕೆ ಸಾರಿದರು. ಇದು ಬರಿಯ ಔದಾರ್ಯವಲ್ಲ, 1857ರ ದಂಗೆ ಕಲಿಸಿದ ಪಾಠವೂ ಹೌದು. ಆದರೂ ಸೂತ್ರ ಸರಿಯಾದದ್ದೇ: ನಂಬಿಕೆ ಅರಸಿಯದು, ಆಳಿಕೆ ಎಲ್ಲರದು.

ಹೇರದಿರುವುದು ಸುಲಭ. ಒಪ್ಪದ್ದಕ್ಕೆ ರುಜು ಹಾಕುವುದು ಕಷ್ಟ. ಬೆಲ್ಜಿಯಂ ದೇಶದ ದೊರೆ ಬೋದುವಾನ್ ಕಟ್ಟಾ ಕ್ಯಾಥೊಲಿಕರು. 1990ರಲ್ಲಿ ಅಲ್ಲಿನ ಪಾರ್ಲಿಮೆಂಟು ಕೆಲವು ಷರತ್ತುಗಳ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನನ್ನು ಮಾಡಿತು. ದೊರೆಯ ರುಜು ಬೀಳದೆ ಕಾನೂನು ಜಾರಿಗೆ ಬರುವಂತಿರಲಿಲ್ಲ. ಮಕ್ಕಳಿಲ್ಲದ ಆ ದೊರೆ ತನ್ನ ಮನಸ್ಸಾಕ್ಷಿ ಒಪ್ಪದೆಂದು ಪ್ರಧಾನಿಗೆ ಕಾಗದ ಬರೆದರು. ಆದರೆ ಪ್ರಜಾಪ್ರತಿನಿಧಿಗಳ ತೀರ್ಮಾನಕ್ಕೆ ಅಡ್ಡ ಬರುವುದಿಲ್ಲ, ದಾರಿ ಹುಡುಕಿ ಎಂದೂ ಬರೆದರು. ಏಪ್ರಿಲ್ 4ರಂದು ಮಂತ್ರಿಮಂಡಲ ದೊರೆ ಆಳಲು ಅಸಮರ್ಥರೆಂದು ಸಾರಿ, ತಾನೇ ರುಜು ಹಾಕಿ ಕಾನೂನನ್ನು ಜಾರಿಗೊಳಿಸಿತು. ಮರುದಿನ ಪಾರ್ಲಿಮೆಂಟು ಸಭೆ ಸೇರಿ ಅವರನ್ನು ಮರಳಿ ಸಿಂಹಾಸನದಲ್ಲಿ ಕೂರಿಸಿತು.

ನೆರೆಯ ಲಕ್ಸೆಂಬರ್ಗಿನ ದೊರೆ ಹೆನ್ರಿ 2008ರಲ್ಲಿ, ಗುಣವಾಗದ ರೋಗಿಗೆ ದಯಾಮರಣ ಕೊಡುವ ಕಾನೂನಿಗೆ ಒಪ್ಪಿಗೆ ಕೊಡೆನೆಂದರು. ಅಲ್ಲಿನವರು 2009ರಲ್ಲಿ ಸಂವಿಧಾನವನ್ನೇ ತಿದ್ದಿ, ದೊರೆಯ ಒಪ್ಪಿಗೆಯೇ ಬೇಡವೆಂದು ಮಾಡಿದರು. ದೊರೆಯ ನಂಬಿಕೆ ಉಳಿಯಿತು, ತಡೆಯುವ ಅಧಿಕಾರ ಹೋಯಿತು.

ಆ ಕಾನೂನುಗಳು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಬೋದುವಾನರು ಎರಡು ಕೆಲಸ ಸರಿಯಾಗಿ ಮಾಡಿದರು. ಒಳಗೊಂದು ಹೊರಗೊಂದು ಇಟ್ಟುಕೊಳ್ಳದೆ ಬಾಯಿಬಿಟ್ಟು ಹೇಳಿದರು. ಹೇಳಿದ ಮೇಲೆ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಆದರೆ ಅವರು ಕಳೆದುಕೊಂಡದ್ದೇನು? ಒಂದು ದಿನದ ಕೂಲಿಯೂ ಅಲ್ಲ!

ನಾವು ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಬಾರದ ಮಕ್ಕಳು ಬಂದರೆಂದು ಹಾಜರಿ ಪುಸ್ತಕದಲ್ಲಿ ಬರೆಯಲು ಹೇಳಿದರು. ಒಲ್ಲೆವೆಂದೆವು. ಎರಡು ತಿಂಗಳ ಸಂಬಳ ನಿಂತಿತು. ನಮ್ಮನ್ನು ಮರಳಿ ಕೂರಿಸಲು ಯಾವ ಪಾರ್ಲಿಮೆಂಟೂ ಸಭೆ ಸೇರಲಿಲ್ಲ. ಭಾನುವಾರ ಪೂಜೆಗೆ ಹೋಗಬೇಕೆಂದು ಪಾಳಿ ತಪ್ಪಿಸಿದ ಕೆಲಸಗಾರನಿಗೆ, ಶುಕ್ರವಾರ ನಮಾಜಿಗೆ ಅಂಗಡಿ ಮುಚ್ಚಿದ ಸಣ್ಣ ವ್ಯಾಪಾರಿಗೆ ಮನಸ್ಸಾಕ್ಷಿಯ ಬೆಲೆ ಎಷ್ಟೆಂದು ಕೇಳಿ ನೋಡಿ. ಅವರು ಲೆಕ್ಕ ಹಾಕಿ ಹೇಳುತ್ತಾರೆ.

ಆದ್ದರಿಂದ ನಮ್ಮ ಮಾತು ಇಷ್ಟೇ: ದೊಡ್ಡವರ ಮನಸ್ಸಾಕ್ಷಿಗೆ ಜನರ ಕಾನೂನನ್ನು ತಡೆಯುವ ಅಧಿಕಾರ ಇರಕೂಡದು, ಚಿಕ್ಕವರ ಮನಸ್ಸಾಕ್ಷಿ ಅವರ ಅನ್ನ ಕಸಿಯಕೂಡದು. ನಮ್ಮ ಸಂವಿಧಾನದ 25ನೆಯ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. 111ನೆಯ ವಿಧಿಯಂತೆ ರಾಷ್ಟ್ರಪತಿಗಳು ಹಣಕಾಸಿನದಲ್ಲದ ಮಸೂದೆಯನ್ನು ಒಮ್ಮೆ ಹಿಂದಕ್ಕೆ ಕಳಿಸಬಹುದು; ಪಾರ್ಲಿಮೆಂಟು ಮತ್ತೆ ಒಪ್ಪಿ ಕಳಿಸಿದರೆ ಅಂಕಿತ ಹಾಕಲೇಬೇಕು. ಅವರು ಯಾವ ದೇವರಿಗೆ ಕೈ ಮುಗಿಯುತ್ತಾರೆಂದು ಆ ವಿಧಿ ಕೇಳುವುದಿಲ್ಲ. ಈ ನಿಯಮ ಕ್ರೈಸ್ತರಿಗೆ ಮಾತ್ರವಲ್ಲ. ಹೆಚ್ಚು ಜನರಿರುವ ಧರ್ಮದವರು ಕುರ್ಚಿಯಲ್ಲಿ ಕೂತಾಗ ಇದನ್ನು ಇನ್ನೂ ಚೆನ್ನಾಗಿ ನೆನಪಿಡಬೇಕು. ಏಕೆಂದರೆ ಅವರನ್ನು ಈ ಪ್ರಶ್ನೆ ಕೇಳುವವರೇ ಕಡಮೆ.

ನಮ್ಮ ಗೆಳೆಯರು ಈ ಸಭೆಯಲ್ಲೇ ಕುಳಿತಿದ್ದಾರೆ. ಅಣ್ಣಾ, ಚುನಾವಣೆಗೆ ನಿಲ್ಲಿ. ಅಂಥ ಕಾಗದ ಬಂದ ದಿನ ಸಭೆಯಲ್ಲಿ ಎದ್ದು ನಿಂತು ನಿಮ್ಮ ಮನಸ್ಸನ್ನು ತೆರೆದು ಹೇಳಿ. ನಿಮ್ಮ ಮತ ನಿಮ್ಮದು. ಬಹುಮತ ಬೇರೆಯಾದರೆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡಿ. ರುಜು ಹಾಕಲಾರದೆ ಹೋದರೆ ಕುರ್ಚಿ ಬಿಟ್ಟು ಬನ್ನಿ. ಕುರ್ಚಿ ಬಿಟ್ಟ ಮಾತ್ರಕ್ಕೆ ನಿಮ್ಮ ಕೂಲಿ ಹೋಗದಂತೆ, ಊರಲ್ಲಿ ನಿಮ್ಮ ಮರ್ಯಾದೆ ಹೋಗದಂತೆ ನೋಡಿಕೊಳ್ಳುವ ಹೊಣೆ ಇಲ್ಲಿ ಸೇರಿರುವ ನಮ್ಮೆಲ್ಲರದು.