ಒಂದು, ಎರಡು, ಮೂರು, ನಾಲ್ಕು

ಇವತ್ತು ರಾಜಕೀಯಕ್ಕೆ ರಜೆ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಊಟದ ನೆಪದಲ್ಲಿ ಏನು ಮಾತಾಡಿದರು, ಅದೆಲ್ಲ ನಾಳೆಯೂ ಇರುತ್ತೆ. ಎಲ್ಲಿಗೂ ಓಡಿಹೋಗಲ್ಲ. ಇವತ್ತು ಒಂದು ಹಾಡಿನ ಕಥೆ ಹೇಳ್ತೀನಿ.

ಹೋದ ತಿಂಗಳು ನಾಲ್ಕು ದಿನ ನಾನು ಈ ಕುರ್ಚಿಯಲ್ಲಿ ಕಾಣಿಸಲಿಲ್ಲ. ರಜೆ ಹಾಕಿದ್ದಲ್ಲ, ಗಂಟಲು ಕೈಕೊಟ್ಟಿತ್ತು. ಒಂದೇ ವಾರದಲ್ಲಿ ಐದು ಡಿಬೇಟ್, ಐದರಲ್ಲೂ ಕೂಗಾಟ. ಅತಿಥಿಗಳಿಗಿಂತ ಜಾಸ್ತಿ ಕೂಗಿದ್ದು ನಾನೇ ಅಂತ ನೀವು ಹೇಳ್ತೀರಿ. ಒಪ್ಪಿಕೊಳ್ತೀನಿ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಮಾತು ಬಂದ್. ಪಿಸುಗುಟ್ಟೋದೂ ಬೇಡ" ಅಂದರು. ಗಂಟಲೇ ಬಂಡವಾಳ ಆದವನಿಗೆ ಆ ಮಾತು ಹೇಗೆ ಕೇಳಿಸುತ್ತೆ ಅಂತ ಊಹಿಸಿ. ರಾತ್ರಿಯೆಲ್ಲ ಒಂದೇ ಯೋಚನೆ: ದನಿ ವಾಪಸ್ ಬರದೇ ಹೋದರೆ? ನಂಗೆ ಬೇರೆ ಯಾವ ಕೆಲಸ ಗೊತ್ತಿದೆ?

ಎರಡನೇ ದಿನ ಮಗಳು ನನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು. "ಅಪ್ಪಾ, ಸುಮ್ನೆ ಕೂತಿದ್ದೀರಲ್ಲ, ಇದನ್ನ ಕೇಳಿ. ಇವಳೂ ನಿಮ್ಮ ಥರಾನೇ ದನಿ ಕಳ್ಕೊಂಡಿದ್ದವಳು" ಅಂದಳು.

ಹಾಗೆ ನನಗೆ ಪರಿಚಯ ಆದವಳು ಲೆಸ್ಲಿ ಫೈಸ್ಟ್. ಕೆನಡಾದವಳು, ಹುಟ್ಟಿದ್ದು 1976ರ ಫೆಬ್ರುವರಿ 13. ಹೈಸ್ಕೂಲಿನಲ್ಲಿದ್ದಾಗಲೇ ಕ್ಯಾಲ್ಗರಿ ಅನ್ನೋ ಊರಲ್ಲಿ ಪಂಕ್ ಬ್ಯಾಂಡ್ ಕಟ್ಟಿದಳು. ಪಂಕ್ ಅಂದ್ರೆ ಗೊತ್ತಲ್ಲ, ಅಲ್ಲಿ ಹಾಡೋದಕ್ಕಿಂತ ಅರಚೋದೇ ಹೆಚ್ಚು. ಹೆಚ್ಚುಕಮ್ಮಿ ನಮ್ಮ ಪ್ರೈಮ್ ಟೈಮ್ ಡಿಬೇಟ್ ಇದ್ದ ಹಾಗೆ. ವರ್ಷಗಟ್ಟಲೆ ಅರಚಿದ್ದಕ್ಕೆ 1995ರಲ್ಲಿ ಧ್ವನಿತಂತುಗಳಿಗೆ ಪೆಟ್ಟು ಬಿತ್ತು. ಹಾಡು ನಿಂತಿತು. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಮುಂದಿನ ವರ್ಷ ಟೊರಾಂಟೊಗೆ ಹೋದಳು. ಹಾಡೋಕೆ ಆಗಲ್ಲ, ಸರಿ, ಗಿಟಾರ್ ಹಿಡಿದಳು. ಬೇರೆಯವರ ಬ್ಯಾಂಡಿನಲ್ಲಿ ಪಕ್ಕದಲ್ಲಿ ನಿಂತು ಗಿಟಾರ್ ನುಡಿಸಿದಳು. ಗಂಟಲು ಮರಳಿ ಬಂದಾಗ ಅದು ಹಳೆಯ ಗಂಟಲಾಗಿರಲಿಲ್ಲ. ಕೂಗು ಹೋಗಿತ್ತು. ಉಳಿದದ್ದು ಅಂಚಿನಲ್ಲಿ ಸ್ವಲ್ಪ ಒಡೆದಂತಿರುವ, ಪಕ್ಕದಲ್ಲೇ ಕೂತು ಹೇಳಿದ ಹಾಗಿರುವ ಒಂದು ಸಣ್ಣ ದನಿ. ಇವತ್ತು ಜಗತ್ತು ಗುರುತಿಸೋದು ಆ ದನಿಯನ್ನೇ.

1999ರಲ್ಲಿ ತನ್ನ ಮೊದಲ ಆಲ್ಬಂ ಮಾಡಿದಳು, ಸ್ವಂತ ಖರ್ಚಲ್ಲಿ. ಇಂಡೀ ಅಂತಾರಲ್ಲ, ಅಂದ್ರೆ ದೊಡ್ಡ ಕಂಪನಿಯ ಹಂಗಿಲ್ಲದೆ, ತಾನೇ ಬರೆದು ತಾನೇ ಹಾಡಿ ತಾನೇ ಹಂಚೋದು. ಸಿನಿಮಾದ ಹೊರಗೆ ಹಾಡು ಕಟ್ಟಿಕೊಂಡು ಬದುಕುವ ನಮ್ಮ ಹುಡುಗರನ್ನ ಕೇಳಿ, ಅದರ ಕಷ್ಟ ಹೇಳ್ತಾರೆ. 2004ರಲ್ಲಿ 'ಲೆಟ್ ಇಟ್ ಡೈ' ಬಂತು, ಕೆನಡಾದ ಜೂನೋ ಪ್ರಶಸ್ತಿಗಳೂ ಬಂದವು. ಆದರೆ ನಾನು ಹೇಳಬೇಕಾದದ್ದು ಅದರ ನಂತರದ ಆಲ್ಬಂ ಬಗ್ಗೆ: 'ದಿ ರಿಮೈಂಡರ್', 2007.

ಪ್ಯಾರಿಸ್ ಹೊರವಲಯದ ಒಂದು ಹಳೆಯ ಬಂಗಲೆಯಲ್ಲಿ ಸ್ನೇಹಿತರನ್ನೆಲ್ಲ ಗುಡ್ಡೆ ಹಾಕಿಕೊಂಡು ಮಾಡಿದ ರೆಕಾರ್ಡಿಂಗ್ ಅದು. ಹದಿಮೂರು ಹಾಡು. ಎಲ್ಲವೂ ಕುಣಿಯುವ ಹಾಡಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. 'ದಿ ಪಾರ್ಕ್' ಅನ್ನೋ ಹಾಡಿನ ಹಿಂದೆ ಹಕ್ಕಿಗಳ ಸದ್ದು ಕೇಳುತ್ತೆ, ಅದು ತೀರಾ ನಿಧಾನ. 'ಸೀಲಯನ್'ನಲ್ಲಿ ಚಪ್ಪಾಳೆಯೇ ತಾಳ. 'ಐ ಫೀಲ್ ಇಟ್ ಆಲ್' ಹಾಕಿದರೆ ಕಾಲು ತಾನಾಗಿ ಅಲ್ಲಾಡುತ್ತೆ, ಹಾಸಿಗೆಯಲ್ಲಿ ಮಲಗಿದ್ದ ನನ್ನ ಕಾಲೂ ಅಲ್ಲಾಡಿತು. ಒಟ್ಟಾರೆ ಆಲ್ಬಂನಲ್ಲಿ ಒಂದು ಬೆಳಕಿದೆ. ಮೂವತ್ತೊಂದರ ಹೆಣ್ಣುಮಗಳೊಬ್ಬಳು, ಬೇಕಾದ್ದು ಬೇಡದ್ದು ಎಲ್ಲ ಅನುಭವಿಸಿ ಆದಮೇಲೆ, ಪರವಾಗಿಲ್ಲ ಬಾ, ಹಾಡೋಣ ಅಂತ ಎದ್ದು ಬಂದ ಬೆಳಕು.

ಅದರಲ್ಲಿ ಒಂದು ಹಾಡಿನ ಹೆಸರು '1234'. ಮೂಲದಲ್ಲಿ ಆಸ್ಟ್ರೇಲಿಯಾದ ಸ್ಯಾಲಿ ಸೆಲ್ಟ್‌ಮನ್ ಬರೆದದ್ದು, ಫೈಸ್ಟ್ ತನ್ನ ಕೈ ಸೇರಿಸಿದ್ದು. ಬ್ಯಾಂಜೊ, ತುತ್ತೂರಿ, ಕೋರಸ್, ಮದುವೆ ಮನೆ ಸಂಭ್ರಮ. ಆದರೆ ಮಾತು ಕೇಳಿಸಿಕೊಂಡರೆ ಎದೆ ಚುರ್ ಅನ್ನುತ್ತೆ. ಹರೆಯದ ಆಸೆಗಳು, ಕೈತಪ್ಪಿದ ಪ್ರೀತಿ, ಅದನ್ನು ಈಗ ಬದಲಿಸೋಕಾಗಲ್ಲ ಅನ್ನೋ ಅರಿವು. ಕುಣಿಯೋ ರಾಗದೊಳಗೆ ಅಳು. ನಮ್ಮ ಹಳ್ಳಿ ಕಡೆ ಬೀಸುವ ಪದ ಕೇಳಿದ್ದೀರಲ್ಲ, ಕೈ ಬೀಸ್ತಾ ಇರುತ್ತೆ, ಲಯ ತಪ್ಪಲ್ಲ, ಹೇಳೋದು ಮಾತ್ರ ತವರಿನ ನೋವು. ಆ ಜಾತಿಯದ್ದು ಇದು.

ಅದರ ವಿಡಿಯೊ ಇನ್ನೂ ಚೆನ್ನ. ಖಾಲಿ ಹಾಲ್, ನೀಲಿ ಮಿಂಚಿನ ಉಡುಪಿನಲ್ಲಿ ಇವಳೊಬ್ಬಳೇ. ನೋಡನೋಡ್ತಾ ಅವಳ ಬೆನ್ನ ಹಿಂದಿಂದ ಬಣ್ಣಬಣ್ಣದ ಬಟ್ಟೆಯ ಜನ ಹುಟ್ಟಿಕೊಳ್ತಾರೆ, ಅವಳನ್ನ ಎತ್ತಿಕೊಳ್ತಾರೆ, ಅಲೆ ಆಗ್ತಾರೆ. ಎಲ್ಲವೂ ಒಂದೇ ಟೇಕ್, ನಡುವೆ ಒಂದೂ ಕಟ್ ಇಲ್ಲ. ಇದರ ಬೀಜ ಎಲ್ಲಿತ್ತು ಅಂತ ಅವಳೇ ಹೇಳಿಕೊಂಡಿದ್ದಾಳೆ. 1988ರಲ್ಲಿ ಕ್ಯಾಲ್ಗರಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಉದ್ಘಾಟನೆಯಲ್ಲಿ ಕುಣಿದ ಸಾವಿರ ಮಕ್ಕಳಲ್ಲಿ ಇವಳೂ ಒಬ್ಬಳು. ಆ ದಿನ ಫೆಬ್ರುವರಿ 13. ಲೆಕ್ಕ ಹಾಕಿ, ಅವತ್ತಿಗೆ ಹುಡುಗಿಗೆ ಸರಿಯಾಗಿ ಹನ್ನೆರಡು ತುಂಬಿತ್ತು.

ಸರಿ, ಈಗ ನಮ್ಮ ಲೋಕಕ್ಕೆ, ಅಂದ್ರೆ ಟಿವಿ ಲೋಕಕ್ಕೆ ಬನ್ನಿ. 2007ರ ಸೆಪ್ಟೆಂಬರ್. ಆಪಲ್ ಕಂಪನಿ ವಿಡಿಯೊ ನೋಡಬಹುದಾದ ಹೊಸ ಐಪಾಡ್ ನ್ಯಾನೊ ಬಿಡುಗಡೆ ಮಾಡಿತು. ಅದರ ಜಾಹೀರಾತಿಗೆ ಆಯ್ದುಕೊಂಡದ್ದು ಇದೇ ಹಾಡು, ಇದೇ ವಿಡಿಯೊ. ಅಷ್ಟೇ ನೋಡಿ. ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎಂಟನೇ ಸ್ಥಾನಕ್ಕೆ ಹೋಗಿ ಕೂತಿತು. ನಾಲ್ಕು ಗ್ರ್ಯಾಮಿ ನಾಮನಿರ್ದೇಶನ. 2008ರಲ್ಲಿ ಐದು ಜೂನೋ. ಅವುಗಳಲ್ಲಿ ವರ್ಷದ ಆಲ್ಬಂ ಕೂಡ ಒಂದು.

ಮಗಳಿಗೆ ಇದರ ಮೇಲೆ ಸಿಟ್ಟು. ಚೀಟಿಯಲ್ಲಿ ಬರೆದು ಯಾಕೆ ಅಂತ ಕೇಳಿದೆ. "ಮಾರ್ಕೊಂಡುಬಿಟ್ಟಳಲ್ಲಪ್ಪಾ" ಅಂದಳು. ಹಾಡು ಹುಟ್ಟಿದ್ದು ಎದೆಯಿಂದ, ಮಾರಿದ್ದು ಡಬ್ಬಿ. ಅವಳ ವಯಸ್ಸಿಗೆ ಆ ಸಿಟ್ಟು ಸರಿ. ನಾನು ಏನಂತ ಬರೆಯಲಿ? ಅವಳ ಕಾಲೇಜು ಫೀಸು ಕಟ್ಟಿದ್ದು ಸೋಪು, ಸಿಮೆಂಟು, ಅಡುಗೆ ಎಣ್ಣೆ. ಈ ಮಾತು ಮುಗಿದ ತಕ್ಷಣ ನೀವು ನೋಡೋದೂ ಅದನ್ನೇ. ಸ್ವಂತ ಖರ್ಚಲ್ಲಿ ಆಲ್ಬಂ ಮಾಡಿ ಎಂಟು ವರ್ಷ ಸುತ್ತಿದವಳ ಮನೆಗೆ ಒಂದು ದಿನ ದುಡ್ಡು ಬಂತು ಅಂದ್ರೆ ನನಗಂತೂ ಹೊಟ್ಟೆಯುರಿ ಇಲ್ಲ.

ನನ್ನ ತಕರಾರು ಬೇರೆ. ಜಾಹೀರಾತಿನ ಅರ್ಧ ನಿಮಿಷದಲ್ಲಿ ಆ ಹಾಡಿನ ಕುಣಿತ ಮಾತ್ರ ಉಳೀತು, ಅಳು ಕತ್ತರಿಸಿ ಹೋಯ್ತು. ಇದು ನನ್ನ ಕಸುಬಿನ ಪಾಪವೂ ಹೌದು. ರೈತನೊಬ್ಬನ ಅರ್ಧ ಗಂಟೆ ಮಾತಿನಲ್ಲಿ ಹತ್ತು ಸೆಕೆಂಡ್ ಕತ್ತರಿಸಿ ನಿಮಗೆ ತೋರಿಸ್ತೀವಿ. ಆ ಹತ್ತು ಸೆಕೆಂಡ್ ಸುಳ್ಳಲ್ಲ. ಆದರೆ ಅದು ಆ ಮನುಷ್ಯನೂ ಅಲ್ಲ.

ಇಂಥ ಗೆಲುವು ಸಿಕ್ಕಮೇಲೆ ನಮ್ಮಲ್ಲಾದರೆ ಏನಾಗುತ್ತೆ? 'ಭಾಗ ಎರಡು' ಬರುತ್ತೆ. ಆರು ತಿಂಗಳಲ್ಲಿ 'ಐದು ಆರು ಏಳು ಎಂಟು' ಅಂತ ಇನ್ನೊಂದು ಹಾಡು. ಇವಳು ಹಾಗೆ ಮಾಡಲಿಲ್ಲ. ಮುಂದಿನ ಆಲ್ಬಂ 'ಮೆಟಲ್ಸ್' ಬಂದಾಗ 2011. ಕ್ಯಾಲಿಫೋರ್ನಿಯಾದ ಸಮುದ್ರ ತೀರದ ಬಿಗ್ ಸರ್‌ನಲ್ಲಿ ಮಾಡಿದ್ದು, ಗಾಳಿ ಕಲ್ಲು ಇದ್ದಂಥ ಹಾಡುಗಳು, ಕುಣಿತ ಕಡಿಮೆ. ಹಳೆ ಗಿರಾಕಿಗಳು ಎಷ್ಟು ಜನ ವಾಪಸ್ ಹೋದರೋ. ಕೆನಡಾದ ಪೊಲಾರಿಸ್ ಪ್ರಶಸ್ತಿ ಮಾತ್ರ ಅದಕ್ಕೇ ಬಂತು. ನನಗೆ ಕೇಳಿದರೆ 'ಮೆಟಲ್ಸ್' ಗಟ್ಟಿ ಆಲ್ಬಂ, ಆದರೆ ಗಂಟಲು ಕಟ್ಟಿ ಮಲಗಿದ ದಿನ ನಾನು ಕೇಳೋದು 'ದಿ ರಿಮೈಂಡರ್' ಅನ್ನೇ. ದುಃಖದ ಹಾಡು ಬರೆದವರನ್ನ ದೊಡ್ಡವರು ಅನ್ನೋದು, ಖುಷಿಯ ಹಾಡನ್ನ ಮಕ್ಕಳಾಟ ಅನ್ನೋದು ವಿಮರ್ಶಕರ ಹಳೇ ಚಾಳಿ. ನಲವತ್ತರ ಮೇಲಾದ ಯಾರನ್ನಾದರೂ ಕೇಳಿ, ಅವೆರಡರಲ್ಲಿ ಕಷ್ಟ ಯಾವುದು ಅಂತ.

ಅಂದಹಾಗೆ, ಆ ಹಾಡು ಆಮೇಲೆ ನಿಜವಾಗಿಯೂ ಮಕ್ಕಳ ಪಾಲಾಯ್ತು. 2008ರಲ್ಲಿ 'ಸೆಸಮಿ ಸ್ಟ್ರೀಟ್' ಕಾರ್ಯಕ್ರಮಕ್ಕೆ ಹೋಗಿ, ಗೊಂಬೆಗಳ ಜೊತೆ ಕುಣಿಯುತ್ತಾ, ಮಾತು ಬದಲಿಸಿ, ಪುಟ್ಟ ಮಕ್ಕಳಿಗೆ ನಾಲ್ಕರವರೆಗೆ ಎಣಿಸೋದು ಕಲಿಸಿದಳು. ಮಗಳು ಸಿಟ್ಟು ಮರೆತು ಅದನ್ನೂ ತೋರಿಸಿದಳು. ನಾನು ನಗೋಕೆ ಹೋದೆ. ಸದ್ದು ಬರಲಿಲ್ಲ, ಆದರೂ ನಕ್ಕೆ. ಐದನೇ ದಿನ ಬೆಳಗ್ಗೆ ಕಾಫಿ ಕುಡಿದು ಮೆಲ್ಲಗೆ "ಒಂದು" ಅಂದು ನೋಡಿದೆ. ಕರಕರ ಅಂತು, ಬಂತು.

ಕಿವಿಯಲ್ಲಿ ಕಂಟ್ರೋಲ್ ರೂಮಿನ ಎಣಿಕೆ ಶುರುವಾಗಿದೆ. ನಮ್ಮದು ಇಳಿಯೋ ಎಣಿಕೆ, ನಾಲ್ಕು, ಮೂರು, ಎರಡು. ಬ್ರೇಕ್ ತಗೊಳ್ಳೋಣ.