ಪದ ಬಲ್ಲವರಿಗೂ ತಿಳಿಯದ ಮಾತು

ವಾಕ್ಯದ ಪ್ರತಿಯೊಂದು ಪದವೂ ಗೊತ್ತು. ವಾಕ್ಯ ಮಾತ್ರ ಗೊತ್ತಿಲ್ಲ. ಇಂಗ್ಲಿಷನ್ನು ಪುಸ್ತಕದಿಂದ ಕಲಿತ ನಮ್ಮಂಥವರಿಗೆಲ್ಲ ಈ ಸಂಕಟ ಪರಿಚಿತವೇ. ಷೇಕ್ಸ್‌ಪಿಯರನ ದುರಂತ ನಾಟಕಗಳನ್ನು ಓದಿ ತಿಳಿಯಬಲ್ಲ ಪದವೀಧರನು ಲಂಡನ್ನಿನ ಅಂಗಡಿಯವನ ಎರಡು ಮಾತಿಗೆ ತಬ್ಬಿಬ್ಬಾಗುತ್ತಾನೆ. ಇದು ಪದಸಂಪತ್ತಿನ ಕೊರತೆಯಲ್ಲ. ಪದಗಳು ಒಟ್ಟುಗೂಡಿ, ತಮ್ಮ ತಮ್ಮ ಅರ್ಥಗಳನ್ನು ಬಿಟ್ಟುಕೊಟ್ಟು, ಮೂರನೆಯದೊಂದನ್ನು ಹೇಳತೊಡಗಿವೆ. ಇದನ್ನೇ ನಾವು ವಾಗ್ರೂಢಿ, ನುಡಿಗಟ್ಟು ಎಂದು ಕರೆಯುವುದು.

ನಮ್ಮ ಆಲಂಕಾರಿಕರಿಗೆ ಇದು ಹೊಸ ಸಮಸ್ಯೆಯಲ್ಲ. ಮಮ್ಮಟನು ಕಾವ್ಯಪ್ರಕಾಶದಲ್ಲಿ ರೂಢಿಲಕ್ಷಣೆಗೆ ‘ಕುಶಲ’ ಎಂಬ ಪದವನ್ನು ನಿದರ್ಶನವಾಗಿ ಕೊಟ್ಟಿದ್ದಾನೆ. ಕುಶವನ್ನು, ಎಂದರೆ ದರ್ಭೆಯನ್ನು, ಕೊಯ್ದು ತರುವವನು ಕುಶಲ. ಆ ಹರಿತವಾದ ಹುಲ್ಲನ್ನು ಕೈಗೆ ಗಾಯವಾಗದಂತೆ ಕೊಯ್ಯಲು ಜಾಣ್ಮೆ ಬೇಕು. ಆದ್ದರಿಂದ ಜಾಣನೆಲ್ಲ ಕುಶಲನಾದ. ಸಾಹಿತ್ಯದರ್ಪಣದ ವಿಶ್ವನಾಥನು ಇದನ್ನು ಒಪ್ಪಲಿಲ್ಲ. ವ್ಯುತ್ಪತ್ತಿಯ ಅರ್ಥ ಬೇರೆ, ಬಳಕೆಯ ಅರ್ಥ ಬೇರೆ. ಜಾಣ ಎಂಬುದೇ ಆ ಪದದ ಮುಖ್ಯಾರ್ಥ ಎಂದು ಅವನ ವಾದ. ಇಂಗ್ಲಿಷ್ ಕಲಿಯುವವನಿಗೆ ಇಬ್ಬರೂ ಬೇಕು: ನೆನಪಿಟ್ಟುಕೊಳ್ಳಲು ಮಮ್ಮಟ, ಬಳಸಲು ವಿಶ್ವನಾಥ.

‘ಬೈ ಅಂಡ್ ಲಾರ್ಜ್’ ಎಂಬ ಮಾತನ್ನೇ ನೋಡಿ. ‘ಒಟ್ಟಿನಲ್ಲಿ’ ಎಂದು ಇದರ ಅರ್ಥ. ಮೂರೂ ಪದಗಳು ಪ್ರಾಥಮಿಕ ಶಾಲೆಯವು. ಆದರೂ ಆ ಅರ್ಥ ಎಲ್ಲಿಂದ ಬಂತೆಂದು ಯಾವ ಪದವೂ ಹೇಳುವುದಿಲ್ಲ. ಇದು ಹಾಯಿಹಡಗಿನವರ ಮಾತು. ಗಾಳಿಗೆ ಆದಷ್ಟೂ ಎದುರಾಗಿ ಸಾಗುವುದು ‘ಬೈ’. ಗಾಳಿಯನ್ನು ಹಿಂದಿಟ್ಟುಕೊಂಡು ಸಾಗುವುದು ‘ಲಾರ್ಜ್’. ಎರಡು ಬಗೆಯಲ್ಲೂ ಚೆನ್ನಾಗಿ ಓಡುವ ಹಡಗು ಒಟ್ಟಿನಲ್ಲಿ ಒಳ್ಳೆಯದು. ‘ಟೇಕನ್ ಅಬ್ಯಾಕ್’ ಎಂಬುದೂ ಅಲ್ಲಿಯದೇ. ಗಾಳಿ ಹಠಾತ್ತನೆ ಮುಂದಿನಿಂದ ಬಡಿದು ಹಾಯಿಯನ್ನು ಸ್ತಂಭಕ್ಕೆ ಒತ್ತಿದಾಗ ಹಡಗು ನಿಂತುಬಿಡುತ್ತದೆ. ದಿಗ್ಭ್ರಮೆಗೊಂಡ ಮನುಷ್ಯನೂ ಹಾಗೆಯೇ. ದ್ವೀಪದ ಜನ ಕಡಲಿನಿಂದ ಮಾತು ತಂದರು. ಒಕ್ಕಲುತನದ ನಾವು ನೇಗಿಲು, ಕಣ, ಎತ್ತುಗಳಿಂದ ತಂದೆವು.

ತೊಡಕು ಹೆಚ್ಚುವುದು ಎರಡೂ ಭಾಷೆಗಳು ಒಂದೇ ಅಂಗವನ್ನು ಹಿಡಿದಾಗ. ಇಂಗ್ಲಿಷಿನಲ್ಲಿ ಕೈ ಕೊಟ್ಟವನು ನೆರವಾದವನು. ಕನ್ನಡದಲ್ಲಿ ಕೈ ಕೊಟ್ಟವನು ನಡುನೀರಿನಲ್ಲಿ ಬಿಟ್ಟವನು. (ಅದೇ ಕೈಯನ್ನು ‘ಹಸ್ತ’ ಮಾಡಿ ‘ಸಹಾಯಹಸ್ತ ನೀಡಿದ’ ಎಂದರೆ ಪುನಃ ಉಪಕಾರಿ! ನುಡಿಗಟ್ಟಿನಲ್ಲಿ ಪರ್ಯಾಯಪದ ನಡೆಯುವುದಿಲ್ಲ.) ಹೊಟ್ಟೆಯಲ್ಲಿ ಬೆಂಕಿಯಿರುವವನೆಂದರೆ ಆಂಗ್ಲರಿಗೆ ಸಾಧಿಸುವ ಛಲವುಳ್ಳವನು, ಪ್ರಶಂಸಾರ್ಹ. ನಮ್ಮಲ್ಲಿ ಹೊಟ್ಟೆಕಿಚ್ಚಿನವನನ್ನು ಯಾರು ಹೊಗಳಿಯಾರು?

ಇದು ನಗುವ ವಿಷಯವಷ್ಟೇ ಅಲ್ಲ. ನನ್ನ ಪರಿಚಿತರೊಬ್ಬರ ಮಗಳು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ದಾದಿ. ಹೋದ ಹೊಸದರಲ್ಲಿ ಒಂದು ರಾತ್ರಿ ವೃದ್ಧೆಯೊಬ್ಬಳು ಆಕೆಯನ್ನು ಕರೆದು, ತಾನು ‘ಸ್ಪೆಂಡ್ ಎ ಪೆನ್ನಿ’ ಮಾಡಬೇಕು ಎಂದಳಂತೆ. ಏನೋ ಕೊಳ್ಳಬೇಕಾಗಿದೆಯೆಂದು ತಿಳಿದ ಈ ಹುಡುಗಿ, “ಅಂಗಡಿ ಮುಚ್ಚಿದೆ, ಬೆಳಿಗ್ಗೆ ತಂದುಕೊಡುತ್ತೇನೆ” ಎಂದು ವಿನಯದಿಂದಲೇ ಹೇಳಿದಳು. ಮುದುಕಿ ನಾಚಿ ಸುಮ್ಮನಾದಳು. ಇನ್ನೊಬ್ಬ ದಾದಿ ಬಂದು ಬಿಡಿಸಿ ಹೇಳುವ ಹೊತ್ತಿಗೆ ಹಾಸಿಗೆ ಒದ್ದೆಯಾಗಿತ್ತು. ಹಿಂದೆ ಆ ದೇಶದ ಸಾರ್ವಜನಿಕ ಶೌಚಾಲಯಗಳ ಬಾಗಿಲು ತೆರೆಯಲು ಬೀಗದ ಸೀಳಿಗೆ ಒಂದು ಪೆನ್ನಿ ಹಾಕಬೇಕಾಗಿತ್ತು; ಮಾತು ಹುಟ್ಟಿದ್ದು ಅಲ್ಲಿ. ನಮ್ಮ ಶಾಲೆಯ ಮಗು ಬೆರಳೆತ್ತಿ “ಸಾರ್, ಒಂದಕ್ಕೆ” ಎಂದರೆ ಆಂಗ್ಲನೊಬ್ಬನಿಗೆ ಏನು ತಿಳಿದೀತು?

1971ರಲ್ಲಿ ಬ್ರಿಟನ್ನಿಗೆ ದಶಮಾನ ನಾಣ್ಯ ಬಂದು ಆ ಹಳೆಯ ಪೆನ್ನಿ ಚಲಾವಣೆಯಿಂದ ಹೋಯಿತು; ಮಾತು ಹೋಗಲಿಲ್ಲ. ನಮ್ಮಲ್ಲಿ ದಶಮಾನ ನಾಣ್ಯ ಬಂದದ್ದು 1957ರಲ್ಲಿ. ಆಣೆಯನ್ನು ಕಣ್ಣಿಂದ ಕಾಣದವರೂ ಇಂದು ‘ಹದಿನಾರಾಣೆ ಸತ್ಯ’ ಎನ್ನುತ್ತಾರೆ.

ಅರ್ಥ ತಿಳಿದರೂ ಔಚಿತ್ಯ ತಿಳಿಯಬೇಕು. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು ಎಂದು ಕೋಶ ನೋಡಿ ಕಲಿತವನು ಸಂತಾಪಪತ್ರದಲ್ಲಿ ಅದನ್ನು ಬರೆದರೆ, ತಂದೆಯನ್ನು ಕಳೆದುಕೊಂಡವನ ಮುಂದೆ “ನಿಮ್ಮ ತಂದೆಯವರು ಗೊಟಕ್ಕೆಂದರಂತೆ” ಎಂದ ಹಾಗೆ. ‘ಶಿವನ ಪಾದ ಸೇರಿದರು’ ಎಂಬುದೂ ಸಾವೇ. ಆದರೆ ಎಷ್ಟು ಅಂತರ! ಈ ಅಂತರವನ್ನು ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಕಲಿಯಲಾಗದು. ಯಾರು, ಯಾರಿಗೆ, ಯಾವಾಗ ಹೇಳಿದರೆಂಬುದನ್ನು ಕತೆ ಕಾದಂಬರಿಗಳಲ್ಲಿ ಗಮನಿಸುತ್ತ ಓದಬೇಕು.

ಇಂಗ್ಲಿಷಿನಿಂದ ಬಂದ ಎಷ್ಟೋ ಮಾತುಗಳು ಕನ್ನಡದಲ್ಲಿ ನೆಲೆಸಿವೆ. ಮಧುಚಂದ್ರ, ಶೀತಲ ಸಮರ, ಬೆಳಕು ಚೆಲ್ಲುವುದು – ಇವನ್ನು ಇಂದು ಹೊರಗಿನವೆಂದು ಗುರುತಿಸುವವರು ಕಡಿಮೆ. ಎಲ್ಲಕ್ಕೂ ಆ ಭಾಗ್ಯವಿಲ್ಲ. ‘ಟರ್ನ್ ಓವರ್ ಎ ನ್ಯೂ ಲೀಫ್’ ಎಂಬುದನ್ನು ಅನುವಾದಿಸಲು ಒಮ್ಮೆ ಪರೀಕ್ಷೆಯಲ್ಲಿ ಕೇಳಿದ್ದೆ. ನಡತೆಯನ್ನು ತಿದ್ದಿಕೊಂಡು ಹೊಸ ಬಾಳನ್ನು ಆರಂಭಿಸಿದ ಎಂಬುದು ತಾತ್ಪರ್ಯ; ಅಲ್ಲಿ ‘ಲೀಫ್’ ಎಂದರೆ ಪುಸ್ತಕದ ಹಾಳೆ. ನಮ್ಮ ಓಲೆಗರಿಯನ್ನು ನೆನೆದಿದ್ದರೆ ದಾರಿ ಸಿಗುತ್ತಿತ್ತು. ಒಬ್ಬ ವಿದ್ಯಾರ್ಥಿ “ಅವನು ಹೊಸ ಎಲೆ ಹಾಕಿಸಿಕೊಂಡನು” ಎಂದು ಬರೆದಿದ್ದ. ಊಟದ ಎರಡನೆಯ ಪಂಕ್ತಿಯೇ ಕಣ್ಣಿಗೆ ಕಟ್ಟಿತು. ಅರ್ಧ ಅಂಕ ಕೊಟ್ಟೆ.